ದೊಡ್ಡ ಕಾರಿಗೆ ಜೀಪಿನ ಎಂಜಿನ್ನು

ಆ ಕಾರನ್ನು ನಾನು ಓಡಿಸಿದ್ದು ಹದಿನಾಲ್ಕು ವರ್ಷ. ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆ ನೇಯಿಸಿ ಮಾರುವ ಯಜಮಾನರೊಬ್ಬರ ಮನೆಗೆ ನಾನು ಡ್ರೈವರು. ಯಳಂದೂರು ಕಡೆಯ ದೊಡ್ಡ ಮನೆಯವರೊಬ್ಬರು ಸಾಕಲಾರದೆ ಮಾರಿದ ಇಂಗ್ಲೆಂಡಿನ ಕಾರು ಅದು. ಉದ್ದ ಮೂತಿ, ಒಳಗೆ ತೇಗದ ಮರದ ಕೆಲಸ. ಕೂತವರಿಗೆ ಎಲ್ಲಿಲ್ಲದ ಗತ್ತು. ಓಡಿಸುವ ನನಗೆ ಮಾತ್ರ ದಿನಾ ಗದ್ದೆ ಉತ್ತು ಬಂದಷ್ಟು ಸುಸ್ತು.

ಬೆಳಿಗ್ಗೆ ಹ್ಯಾಂಡಲ್ ಹಾಕಿ ತಿರುಗಿಸಬೇಕು. ಗೇರು ಬದಲಿಸುವಾಗಲೆಲ್ಲ ಕ್ಲಚ್ಚನ್ನು ಎರಡೆರಡು ಸಲ ತುಳಿಯಬೇಕು. ಸ್ಟೇರಿಂಗಂತೂ ಮೊಂಡು ಎಮ್ಮೆಯ ಕೊಂಬು ಹಿಡಿದು ತಿರುಗಿಸಿದ ಹಾಗೆ. ಬೇರೆ ಯಾರಿಗೂ ಅದು ಬಗ್ಗುತ್ತಿರಲಿಲ್ಲ. ಯಜಮಾನರ ಮಗ ಒಂದು ಸಲ ಕೂತು, ಗೇರನ್ನು ಕಟಕಟ ಅನ್ನಿಸಿ, ಅದಕ್ಕೊಂದು ನಮಸ್ಕಾರ ಹಾಕಿ ಇಳಿದುಬಿಟ್ಟಿದ್ದ.

ಎಪ್ಪತ್ತನೇ ಇಸವಿಯ ಆಚೀಚೆ ನನ್ನ ಬಲ ಭುಜ ಕೈಕೊಟ್ಟಿತು. ಅನ್ನದ ತುತ್ತು ಎತ್ತಿದರೂ ಜೀವ ಹೋದ ಹಾಗೆ ಆಗುತ್ತಿತ್ತು. ಅಜ್ಜೀಪುರದ ಮನೆಯಲ್ಲಿ ಹೆಂಡತಿ, ಮೂರು ಹೆಣ್ಣುಮಕ್ಕಳು, ಎಲ್ಲರ ಹೊಟ್ಟೆಪಾಡೂ ಇದೊಂದೇ ಕೆಲಸದಿಂದ. ನೋವಿನ ವಿಷಯ ಗೊತ್ತಾದರೆ ಯಜಮಾನರು ಬೇರೆ ಡ್ರೈವರನ್ನು ನೋಡಿಕೊಳ್ಳುತ್ತಾರೆ ಅಂತ ಹೆದರಿ, ತಪ್ಪನ್ನೆಲ್ಲ ಕಾರಿನ ತಲೆಗೆ ಕಟ್ಟಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನನ್ನದೂ ಅದೇ ಬುದ್ಧಿ.

"ಸಾ, ಗಾಡಿ ಇನ್ ಬಾಳಕಿಲ್ಲ. ಬಾಡಿ ಅಂಗೇ ಇರ್ಲಿ, ಒಳಗಿಂದೆಲ್ಲ ಒಸದು ಆಕ್ಸುಮ," ಅಂದೆ.

"ಮಾರಾಕ್ಬುಟ್ರೆ ಆಗಲ್ವೇನ್ಲಾ?"

ಗಾಡಿ ಹೋದರೆ ನನ್ನ ಕೆಲಸವೂ ಹೋದ ಹಾಗೆ. "ಇಂತಾ ಬಾಡಿ ಇನ್ನೆಲ್ ಸಿಕ್ತದೆ ಸಾ? ಒಂದ್ಸಲ ರಿಪೇರಿ ಆಗ್ಲಿ, ಆಮೇಲ್ ನೋಡಿ, ಬೆಣ್ಣೇಲಿ ಕೂದ್ಲು ತಗದಂಗೆ ಓಯ್ತದೆ."

ಹೇಗೋ ಒಪ್ಪಿದರು. ಹನೂರು ರಸ್ತೆಯಲ್ಲಿ ಲಾರಿ ರಿಪೇರಿ ಮಾಡುವ ಮೇಸ್ತ್ರಿಯ ಶೆಡ್ಡಿಗೆ ಕಾರನ್ನು ಓಡಿಸಿಕೊಂಡು ಹೋದೆ. ಮೇಸ್ತ್ರಿ ಬಾನೆಟ್ ಎತ್ತಿ ನೋಡಿ ನಕ್ಕ. "ಲೇ, ಆನೆಗೆ ಆಡಿನ ಗುಂಡ್ಗೆ ಆಕ್ಸೀಯಲ್ಲೋ!"

"ನಿಂಗ್ಯಾಕ್ಲಾ ಅದೆಲ್ಲ, ಆಕು," ಅಂದೆ.

ಏಳು ತಿಂಗಳು ಹಿಡಿಯಿತು. ಜೀಪಿನ ಎಂಜಿನ್ನು, ಅದರದೇ ಗೇರ್‌ಬಾಕ್ಸು. ಅದನ್ನು ಕೂರಿಸುವ ಕಬ್ಬಿಣದ ಪಟ್ಟಿಯ ತೂತು ಒಂದಕ್ಕೊಂದು ಸೇರದೆ ಕುಂತೂರಿನಿಂದ ವೆಲ್ಡಿಂಗ್‌ನವನನ್ನು ಮೂರು ಸಲ ಕರೆತಂದೆ. ಸರಳು ಎಳೆಯುವ ಹಳೇ ಬ್ರೇಕು ಹೋಗಿ ಎಣ್ಣೆ ಬ್ರೇಕು ಬಂತು, ಹಿಂದಿನ ಸೀಟಿಗೆ ಹೊಸ ಸ್ಪಂಜು ಬಂತು. ಹಗುರ ತಿರುಗುವ ಸ್ಟೇರಿಂಗ್ ಬಾಕ್ಸೊಂದನ್ನು ಮೈಸೂರಿನ ಗುಜರಿಯಲ್ಲಿ ಹುಡುಕಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ಪಂಚೆಯೆಲ್ಲ ಗ್ರೀಸು. ಗಾಡಿಯಡಿ ಅಂಗಾತ ಮಲಗಿ ನಟ್ಟು ಬಿಗಿದು ಬಿಗಿದು ಭುಜ ಇನ್ನಷ್ಟು ಹಾಳಾಯಿತು, ಆದರೂ ಹಲ್ಲು ಕಚ್ಚಿಕೊಂಡೆ.

ಮೊದಲ ದಿನ ಹೊರಗೆ ತೆಗೆದೆ. ಗುಂಡಿ ಒತ್ತಿದರೆ ಸ್ಟಾರ್ಟು! ಎರಡು ಬೆರಳಲ್ಲಿ ಸ್ಟೇರಿಂಗ್ ತಿರುಗಿತು. ಅಯ್ಯೋ ಶಿವನೇ, ಗಳಗಳ ಅತ್ತುಬಿಟ್ಟೆ. ಇನ್ನು ಹತ್ತು ವರ್ಷಕ್ಕೆ ಮೋಸವಿಲ್ಲ ಅಂದುಕೊಂಡೆ.

ಅದೇ ವಾರ ಯಜಮಾನರ ಮಗ "ಡ್ರೈವರಣ್ಣ, ನಂಗೂ ಏಳ್ಕೊಡು" ಅಂತ ಬಂದ. ಅಗರದ ರಸ್ತೆಯಲ್ಲಿ ಹತ್ತೇ ದಿನ. ಚೆನ್ನಾಗಿ ಕಲಿತ, ನಾನೇ ಭೇಷ್ ಅಂದೆ. ಹನ್ನೊಂದನೆಯ ದಿನ ಯಜಮಾನರು ಕರೆದರು.

"ಇನ್ಮೇಲೆ ಮಗನೇ ಓಡಿಸ್ತಾನಂತೆ ಕಣಪ್ಪ. ನೀನೂ ದಣಿದಿದ್ದೀಯೆ, ಊರಲ್ ಆರಾಮಾಗಿರು."

"ನಂಗೇನಾಗದೆ ಸಾ? ಗಟ್ಟಿಯಾಗೇ ಇವ್ನಿ."

"ಸುಮ್ನಿರಪ್ಪ. ನಿನ್ ಭುಜ ನಾನ್ ನೋಡಿಲ್ವಾ? ಎರಡ್ ವರ್ಷದಿಂದ ಎಡಗೈಲಿ ಬಾಗಿಲು ತೆಗೀತಿದ್ದೆ. ನಿನ್ ಬಿಟ್ರೆ ಆ ಗಾಡಿಗೆ ಇನ್ಯಾರೂ ಇಲ್ಲ ಅಂತ ನಾನೂ ಬಾಯಿಬಿಡಲಿಲ್ಲ."

ಯಾವ ಕಷ್ಟದ ಗಾಡಿ ನನ್ನ ಕೆಲಸ ಕಾಯುತ್ತಿತ್ತೋ, ಅದರ ಒಳಗಿನದನ್ನೆಲ್ಲ ನಾನೇ ಬಿಚ್ಚಿಸಿ ಗುಜರಿಗೆ ಹಾಕಿಸಿದ್ದೆ. ಸಿಟ್ಟು ಬಂತು, ಯಾರ ಮೇಲೆ ತೀರಿಸಿಕೊಳ್ಳಲಿ? ಯಜಮಾನರು ಕೆಟ್ಟವರಲ್ಲ. ನನ್ನ ಹೆಂಡತಿಗೊಂದು ಸೀರೆ ಕೊಟ್ಟು, ಊರಿನ ತನಕ ಕಾರಿನಲ್ಲೇ ಬಿಟ್ಟು ಬಾ ಅಂತ ಮಗನಿಗೆ ಹೇಳಿದರು.

ಮುಂದೆ ಕೂರಲು ಹೋದೆ. "ಇಂದ್ಗಡೆ ಕೂತ್ಕೊ ಅಣ್ಣ, ಆರಾಮಾಗದೆ," ಅಂದ ಹುಡುಗ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಹಿಂದೆ ಕೂತೆ. ಹೊಸ ಸ್ಪಂಜಿನ ಸೀಟು ಮೆತ್ತಗೆ ಒಳಗೆ ಎಳೆದುಕೊಂಡಿತು. ಹನೂರು ದಾಟುವ ತನಕ, ಮನೆಯಲ್ಲಿ ಏನು ಹೇಳಲಿ, ಯಾರ ಹತ್ತಿರ ಕೆಲಸ ಕೇಳಲಿ ಅಂತ ಲೆಕ್ಕ ಹಾಕುತ್ತಲೇ ಇದ್ದೆ. ಅಳು ಬರಬೇಕಿತ್ತು. ಹಾಳಾದ್ದು, ನಿದ್ದೆ ಬಂತು. ಅಂಥ ನಿದ್ದೆ ನಾನು ವರ್ಷಗಳಿಂದ ಕಂಡಿರಲಿಲ್ಲ.

"ಏಳಣ್ಣ," ಅಂತ ಹುಡುಗ ನೋಯುವ ಭುಜವನ್ನೇ ಹಿಡಿದು ಅಲುಗಾಡಿಸಿದ. "ನಿಮ್ಮೂರ್ ಬಂತು, ಇಳ್ಕೊ."