ಗಂಜಿಯಲ್ಲಿ ಅಂಟಿದ ಎರಡು ಪುಟ

ಕೊರೋನಾ ಕಳೆದ ಮರುವರ್ಷದ ಮಾತು. ಮೂಡುಬಿದಿರೆಯ ಒಂದು ಕಾಲೇಜಿನ ಹಸ್ತಪ್ರತಿ ವಿಭಾಗದಲ್ಲಿ ನಾನು ಸಂರಕ್ಷಣಾ ಸಹಾಯಕನಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ಹರಿದ, ಹುಳು ತಿಂದ, ನೀರು ಕುಡಿದ ಕಾಗದಗಳನ್ನು ಮತ್ತೆ ಓದುವ ಹಾಗೆ ಮಾಡಿಕೊಡುವುದು ನನ್ನ ಕೆಲಸ. ಒಂದು ದಿನವೂ ಪಾಠ ಮಾಡಿದವನಲ್ಲ, ಆದರೂ ಊರಿಗೆಲ್ಲ ನಾನು ಮಾಸ್ಟ್ರು. ಬಂಟ್ವಾಳದ ಬ್ಯಾರಿ ಮುಸ್ಲಿಮರ ಮನೆಯವನು. ಅಣ್ಣಂದಿರೆಲ್ಲ ಗಲ್ಫಿಗೆ ಹೋದರು, ನಾನು ಹಳೆ ಕಾಗದದ ಹುಚ್ಚು ಹಿಡಿಸಿಕೊಂಡೆ. ಬೆಳಗಿನ ಬಸ್ಸಿನಲ್ಲಿ ಕಿಟಕಿ ಸೀಟಿಗೆ ಜಗಳವಾಡುತ್ತಾ ಬರುತ್ತಿದ್ದ ಆ ದಿನಗಳನ್ನು ನೆನೆದರೆ ಈಗಲೂ ಮನೆಯಲ್ಲಿ ಕೂರಲಾಗುವುದಿಲ್ಲ.

ಹಾಗೊಂದು ದಿನ ಪುತ್ತಿಗೆಯಿಂದ ಸುನಂದಮ್ಮ ಬಂದರು. ಜೈನ ಮನೆತನದ ಹಿರಿಯರು, ಎಪ್ಪತ್ತೊಂಬತ್ತು ವಯಸ್ಸು. ಬಿಳಿ ಬಟ್ಟೆಯಲ್ಲಿ ಸುತ್ತಿದ್ದ ಒಂದು ನೋಟುಪುಸ್ತಕವನ್ನು ಮೇಜಿನ ಮೇಲಿಟ್ಟರು. ಅವರ ತಾಯಿ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದ ಜಿನಸ್ತುತಿಗಳು. ನಡುವೆ ಎದುರುಬದುರಿನ ಎರಡು ಪುಟಗಳು ಒಂದಕ್ಕೊಂದು ಕಚ್ಚಿಕೊಂಡಿದ್ದವು.

"ಅಂಟಿಸಿದ್ದು ನಾನೇ ಮಾಸ್ಟ್ರೇ. ಎಂಟು ವರ್ಷ ಆಗ. ಹರಿದ ಅಂಚಿಗೆ ಸ್ವಲ್ಪ ಗಂಜಿ ಹಚ್ಚು ಅಂತ ಅಮ್ಮ ಹೇಳಿದ್ರು. ನಾನು ಇಡೀ ಪುಟಕ್ಕೆ ಬಳಿದು ಪುಸ್ತಕ ಮುಚ್ಚಿಬಿಟ್ಟೆ. ಅಮ್ಮ ಬೈಯಲಿಲ್ಲ. ಆದ್ರೆ ನನಗೆ ನೆನಪಿದ್ದ ಹಾಗೆ ಆ ಪುಟದ ಹಾಡಿನ ನಾಲ್ಕು ಸಾಲು ಮಾತ್ರ ಹಾಡ್ತಿದ್ರು, ಮುಂದಿನದನ್ನು ಬರೀ ಗುನುಗ್ತಿದ್ರು. ನೋಡಿ ಹಾಡ್ಲಿಕ್ಕೆ ಪುಟ ಎಲ್ಲಿ ಉಂಟು? ನಾನು ಹಾಳು ಮಾಡಿದ್ದಲ್ವಾ?"

ಕಣ್ಣಿನ ಡಾಕ್ಟರು, ಇನ್ನು ಆರು ತಿಂಗಳಲ್ಲಿ ಅಕ್ಷರ ಕಾಣುವುದು ಕಷ್ಟ ಅಂದಿದ್ದರಂತೆ. ಅಷ್ಟರೊಳಗೆ ಉಳಿದ ಹಾಡನ್ನು ಅಮ್ಮನ ಕೈಬರಹದಲ್ಲಿ ಓದಬೇಕೆಂಬುದು ಅವರ ಆಸೆ.

ಅಂಚಿನಿಂದ ಒಂದು ಚೂರು ಅಂಟನ್ನು ಕೆರೆದು, ಬಸಿಯಲ್ಲಿಟ್ಟು, ಅಯೋಡಿನ್ ಹನಿ ಬಿಟ್ಟೆ. ನೀಲಿಗಪ್ಪಾಯಿತು. ಅನುಮಾನವೇ ಇಲ್ಲ, ಪಿಷ್ಟ. ಹಬೆ ಹಿಡಿದು ನೋಡಿದರೆ ಅಂಟಿಗಿಂತ ಮೊದಲು ಕಾಗದದ ನಾರೇ ಎದ್ದು ಬಂತು. ಕೈ ತೆಗೆದುಬಿಟ್ಟೆ.

ಈ ತೊಂದರೆಯ ಬೇರು ಸ್ವಾರಸ್ಯದ್ದು. ಗಿಡ ಸಕ್ಕರೆಯ ಕಣಗಳನ್ನು ಒಂದು ಬಗೆಯಲ್ಲಿ ಪೋಣಿಸಿದರೆ ಪಿಷ್ಟ. ಅದು ಮುಂದಿನ ಮೊಳಕೆಗೆಂದು ಅಕ್ಕಿಯ ಕಾಳಿನಲ್ಲಿ ಕಟ್ಟಿಟ್ಟ ಬುತ್ತಿ. ಅವೇ ಕಣಗಳನ್ನು ಇನ್ನೊಂದು ಬಗೆಯಲ್ಲಿ ಪೋಣಿಸಿದರೆ ಸೆಲ್ಯುಲೋಸ್. ಅದು ಗಿಡದ ಮೈಕಟ್ಟು, ನಮ್ಮ ಕಾಗದ. ಸುನಂದಮ್ಮನ ಪುಸ್ತಕದಲ್ಲಿ ಗಿಡದ ಊಟ ಗಿಡದ ಮೂಳೆಗೆ ಅಂಟಿ ಕೂತಿತ್ತು. ಮೊದಲನೆಯದನ್ನು ಮಾತ್ರ ಕರಗಿಸಿ ಎರಡನೆಯದನ್ನು ಮುಟ್ಟದ ಒಂದು ಕಿಣ್ವ ಉಂಟು, ಅಮೈಲೇಸ್. ಮಂಗಳೂರಿನಿಂದ ತರಿಸಿದೆ.

ಬಾಟಲಿ ಬಂತು. ಚೀಟಿಯ ಸಣ್ಣ ಅಕ್ಷರ ಓದಿದಾಗ ತಲೆ ಕೆಟ್ಟಿತು. ಹಂದಿಯ ಮೇದೋಜೀರಕ ಗ್ರಂಥಿಯಿಂದ ತೆಗೆದದ್ದು! ಬೂಷ್ಟಿನಿಂದ ಮಾಡಿದ್ದೂ ಸಿಗುತ್ತದೆ, ಆದರೆ ಅದು ಯಾವ ಕಾಲಕ್ಕೆ ಬರುತ್ತದೋ ಹೇಳುವವರಿರಲಿಲ್ಲ. ಬಾಯಿ ಮುಚ್ಚಿಕೊಂಡು ಕೆಲಸ ಮುಗಿಸಿದ್ದರೆ ಅವರಿಗೆ ಗೊತ್ತಾಗುತ್ತಲೇ ಇರಲಿಲ್ಲ. ಎರಡು ದಿನ ಒದ್ದಾಡಿದೆ. ಅದನ್ನು ಮುಟ್ಟಲು ನನಗೂ ಮನಸ್ಸಿರಲಿಲ್ಲ, ಅದು ಬೇರೆ ಮಾತು. ಮೂರನೆಯ ದಿನ ಕರೆಸಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಅವರು ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತತೊಡಗಿದರು. "ಜಿನನ ಹಾಡಿಗೆ ಅದು ಬೇಡ. ಓದದಿದ್ರೂ ಅಡ್ಡಿ ಇಲ್ಲ."

"ಇನ್ನೊಂದು ದಾರಿ ಉಂಟು ಅಮ್ಮ. ಹೇಳ್ಲಿಕ್ಕೆ ಸಂಕೋಚ," ಎಂದೆ. "ಅದೇ ಕಿಣ್ವ ನಮ್ಮ ಉಗುಳಿನಲ್ಲಿಯೂ ಉಂಟು."

"ಎಂಜಲು ಹಚ್ಚುವುದಾ?" ಸುತ್ತಿದ್ದ ಬಟ್ಟೆಯನ್ನು ಮತ್ತೆ ಬಿಚ್ಚಿದರು. ಆಮೇಲೆ, "ನಿಮ್ಮದು ಬೇಡ ಮಾರಾಯ್ರೇ, ಬೇಸರ ಮಾಡ್ಬೇಡಿ. ನನ್ನದೇ ಹಾಕುವ. ನಾನು ತಟ್ಟೆಯಲ್ಲಿ ಬಿಟ್ಟದ್ದನ್ನು ಅಮ್ಮ ದಿನಾ ಉಣ್ತಿದ್ರು. ಅವರಿಗೆ ನನ್ನ ಎಂಜಲು ಹೊಸತಲ್ಲ," ಎಂದರು.

ಮರುದಿನ ಬಾಯಿ ಮುಕ್ಕಳಿಸಿ ಬಂದು ಕೂತರು. ಕಡ್ಡಿಗೆ ಸುತ್ತಿದ ಹತ್ತಿಯನ್ನು ಅವರು ನಾಲಿಗೆಯಲ್ಲಿ ಒದ್ದೆ ಮಾಡಿಕೊಡುವುದು, ನಾನು ಪುಟಗಳ ಸಂದಿಗೆ ಸವರುವುದು, ಎರಡು ನಿಮಿಷ ಕಾಯುವುದು, ತೆಳುವಾದ ಬಿದಿರಿನ ಸೀಳಿನಿಂದ ಬಿಡಿಸುವುದು, ಶುದ್ಧ ನೀರಿನ ಹತ್ತಿಯಿಂದ ಒರೆಸುವುದು. ಒಮ್ಮೆಗೆ ಅರ್ಧ ಇಂಚು. ಪೆನ್ಸಿಲ್ ಬರಹ ನೀರಿಗೆ ಕದಡುವುದಿಲ್ಲ, ಅದೊಂದು ಪುಣ್ಯ. ನಡುವೆ ಅವರ ಬಾಯಿ ಒಣಗಿತು. "ಮಾವಿನ ಮಿಡಿ ಉಪ್ಪಿನಕಾಯಿ ನೆನೆಸಿಕೊಳ್ಳಿ ಅಮ್ಮ," ಎಂದೆ. "ನೆನೆಸಿ ನೆನೆಸಿ ಒಂದು ಭರಣಿ ಮುಗಿಯಿತು, ನೀವು ಹುಳಿ ಹುಳಿ ಬಿಂಬುಳಿಕಾಯಿಯ ಸುದ್ದಿ ಹೇಳಿ," ಎಂದು ನಕ್ಕರು.

ಮಧ್ಯಾಹ್ನ ಮೂರು ಗಂಟೆಗೆ ಪುಟ ತೆರೆಯಿತು. ಒಂದು ಅಕ್ಷರವೂ ಹೋಗಿರಲಿಲ್ಲ. ಅಲ್ಲಿದ್ದದ್ದು ನಾಲ್ಕೇ ಸಾಲು, ಅವರಿಗೆ ಬಾಯಿಪಾಠವಿದ್ದ ಅದೇ ನಾಲ್ಕು. ಅದರ ಕೆಳಗೆ ಚಿಕ್ಕದಾಗಿ, "ಮುಂದಿನದು ಮರೆತಿದೆ. ನೆನಪಾದಾಗ ಬರೆಯಬೇಕು." ಎದುರಿನ ಪುಟ ಖಾಲಿ.

ಸುನಂದಮ್ಮ ಬೆರಳಿಟ್ಟು ಎರಡು ಸಲ ಓದಿದರು.

"ಅಮ್ಮನಿಗೇ ಮರೆತಿತ್ತಾ!" ಅವರು ನಗತೊಡಗಿದರು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. "ಎಪ್ಪತ್ತು ವರ್ಷ ನಾನು ಕೊರಗಿದ್ದು ಯಾವುದಕ್ಕೆ ಮಾಸ್ಟ್ರೇ? ಹಾಳು ಮಾಡ್ಲಿಕ್ಕೆ ಇಲ್ಲಿ ಏನೂ ಇರ್ಲೇ ಇಲ್ಲ!"

ಅಂಟು ಬಿಡಿಸುವುದಷ್ಟೇ ನಮ್ಮ ಕೆಲಸ, ಒಳಗೆ ಏನು ಸಿಗಬೇಕೆಂದು ನಾವು ತೀರ್ಮಾನಿಸುವಂತಿಲ್ಲ. ಆದರೆ ಯಾವುದರಿಂದ ಬಿಡಿಸುತ್ತೇವೆ ಎಂಬುದನ್ನು ಮೊದಲೇ ಬಾಯಿಬಿಟ್ಟು ಹೇಳಬೇಕು. ಮೂವತ್ತು ವರ್ಷದ ನೌಕರಿ ನನಗೆ ಕಲಿಸಿದ್ದು ಇಷ್ಟೇ. ಆ ಬಾಟಲಿಯ ವಿಷಯ ಮುಚ್ಚಿಟ್ಟಿದ್ದರೆ, ಅವತ್ತು ನಗುತ್ತಿದ್ದ ಆ ಮುಖವನ್ನು ಕಣ್ಣೆತ್ತಿ ನೋಡಲು ನನ್ನಿಂದ ಆಗುತ್ತಿರಲಿಲ್ಲ.