ಲಸಿಕೆ ಡಬ್ಬಿಯ ಜೀವ ಕಾಯುವ ಗುಡ್ಡಪ್ಪ

“ವಿಷ್ಯ ಗೊತ್ತಾಯ್ತಾ ಗುಡ್ಡಪ್ಪಣ್ಣ? ನಿನ್ನೆ ಕುರಿಹಟ್ಟೀಲಿ ಒಂದು ಮಗೂನೂ ಸೂಜಿಗೆ ಬರ್ಲಿಲ್ವಲ್ಲ, ಯಾಕೆ ಅಂತ ಈಗ ತಿಳೀತು. ನಿಮ್ಮ ಡಬ್ಬೀಲಿ ಜೀವ ಇರೋ ವೈರಸ್ ಐತಂತೆ! ಯಾವನೋ ಪುಣ್ಯಾತ್ಮ ಹಬ್ಬಿಸವ್ನೆ ನೋಡ್ರಿ!”

ಫೋನಿನಲ್ಲಿ ಕೂಗುತ್ತಿರುವುದು ನರ್ಸ್ ಅನುಸೂಯ. ಕೇಳಿಸಿಕೊಳ್ಳುತ್ತಿರುವುದು ಹಿರಿಯೂರಿನ ಆಸ್ಪತ್ರೆಯೊಂದರ ಲಸಿಕೆ ಕೋಣೆಯಲ್ಲಿ ಬೆಳಗಿನ ಜಾವಕ್ಕೇ ಬಂದು ನಿಂತಿರುವ ಗುಡ್ಡಪ್ಪ. ಒಂದು ಕಿವಿಗೆ ಫೋನು, ಇನ್ನೊಂದು ಕಿವಿಗೆ ಐಸ್‌ಪ್ಯಾಕು.

“ಸಿಸ್ಟರೇ,” ಅನ್ನುತ್ತಾರೆ ಗುಡ್ಡಪ್ಪ ಮೆಲ್ಲಗೆ, “ಆ ಪುಣ್ಯಾತ್ಮ ನಾನೇ.”

ಹೇಳುತ್ತಲೇ ಐಸ್‌ಪ್ಯಾಕನ್ನು ಒಮ್ಮೆ ಅಲ್ಲಾಡಿಸುತ್ತಾರೆ.

ಐಸ್‌ಪ್ಯಾಕನ್ನು ಕಿವಿಗೆ ಹಿಡಿಯುವುದು ಹುಚ್ಚಾಟವಲ್ಲ, ಕೆಲಸ. ಫ್ರೀಜರ್‌ನಿಂದ ತೆಗೆದ ಪ್ಯಾಕು ಕಲ್ಲಿನಂತಿರುತ್ತದೆ. ಹಾಗೇ ಡಬ್ಬಿಗೆ ಹಾಕಿದರೆ ಕೆಲವು ಲಸಿಕೆಗಳು ಹೆಪ್ಪುಗಟ್ಟಿ ಕೆಡುತ್ತವೆ. ಮೇಜಿನ ಮೇಲಿಟ್ಟು, ಅದು ಬೆವರುವವರೆಗೆ ಕಾದು, ಕಿವಿಯ ಹತ್ತಿರ ಅಲ್ಲಾಡಿಸಬೇಕು. ಒಳಗೆ ನೀರು ಗುಳುಕ್ ಅಂದರೆ ಡಬ್ಬಿಗೆ ಹೋಗಲು ತಯಾರು. ಗುಡ್ಡಪ್ಪ ಆತುರಪಡುವುದಿಲ್ಲ. ನಾಲ್ಕು ಪ್ಯಾಕು ಡಬ್ಬಿಯ ಗೋಡೆಗೊಂದರಂತೆ ನಿಲ್ಲಿಸಿ, ನಡುವೆ ಸೀಸೆಗಳನ್ನು ಕೂರಿಸಿ, ಮುಚ್ಚಳ ಬಿಗಿದು, ಹಗ್ಗ ಹಾಕಿ ಬೈಕಿನ ಹಿಂದೆ ಕಟ್ಟುತ್ತಾರೆ. ಪಟ್ಟಣ ಆಕಳಿಸುತ್ತಾ ಎದ್ದು ಚಹಾದ ಮುಂದೆ ಕೂರುವಷ್ಟರಲ್ಲಿ ಅವರ ಬೈಕು ಆದಿವಾಲದ ಕಡೆ ತಿರುಗಿರುತ್ತದೆ.

ಸೂಜಿ ಹಾಕುವವರನ್ನು ಊರು ನೆನಪಿಡುತ್ತದೆ. ಅನುಸೂಯ ಸಿಸ್ಟರ್ ಅಂದರೆ ಮಕ್ಕಳು ಬಾಗಿಲ ಹಿಂದೆ ಅಡಗುತ್ತವೆ, ಅಜ್ಜಿಯರು ಮಜ್ಜಿಗೆ ಕೊಡುತ್ತಾರೆ. ಆ ಸೂಜಿಯೊಳಗಿನದು ಊರಿಗೆ ಹೇಗೆ ಬಂತು ಅಂತ ಯಾರೂ ಕೇಳುವುದಿಲ್ಲ. ದಿನಕ್ಕೆ ಮೂರು ನಾಲ್ಕು ಊರು, ಎಂಬತ್ತು ಕಿಲೋಮೀಟರಿಗೆ ಕಡಿಮೆಯಿಲ್ಲ. ಬೆಳಿಗ್ಗೆ ತಲುಪಿಸಿದ ಡಬ್ಬಿಗಳನ್ನು ಸಂಜೆ ಮತ್ತೆ ಹೋಗಿ, ಉಳಿದ ಸೀಸೆಗಳ ಸಮೇತ ವಾಪಸು ತರಬೇಕು. ಬೇಸಿಗೆಯಲ್ಲಿ ಬೈಕಿನ ಸೀಟು ಕೆಂಡ. ಒಂದು ಸಲ ನಡುದಾರಿಯಲ್ಲಿ ಟಯರು ಪಂಕ್ಚರ್ ಆದಾಗ ಬೈಕನ್ನು ಜಾಲಿ ಮರಕ್ಕೆ ಒರಗಿಸಿ, ಡಬ್ಬಿಯನ್ನು ಹೆಗಲಿಗೇರಿಸಿ ನಡೆದೇಬಿಟ್ಟಿದ್ದರು. “ಬೈಕು ಬಿಸಿಲಿಗೆ ಸಾಯಲ್ಲ, ಇದು ಸಾಯ್ತೈತೆ,” ಅನ್ನುತ್ತಾರೆ ಡಬ್ಬಿ ತಟ್ಟಿ.

ಹೌದು, ಸಾಯುತ್ತದೆ! ಅಲ್ಲೇ ಇರುವುದು ಗುಡ್ಡಪ್ಪನವರ ಕೆಲಸದ ಸ್ವಾರಸ್ಯ. ದಡಾರಕ್ಕೆ ಕೊಡುವ ಲಸಿಕೆಯಲ್ಲಿ ದಡಾರದ ವೈರಸ್ಸೇ ಇರುತ್ತದೆ. ಬಲ ಕುಗ್ಗಿಸಿದ್ದು, ಆದರೆ ಜೀವ ಇರುವಂಥದ್ದು. ಶಾಖ ತಾಗಿದರೆ ಅದು ಕೆಟ್ಟು, ಸೂಜಿಯಲ್ಲಿ ಹೋಗುವುದು ಬರೀ ನೀರು ಅಂದುಕೊಳ್ಳಿ. ಸೀಸೆಯ ಮೇಲೊಂದು ಪುಟ್ಟ ಗುರುತಿದೆ, ಬಿಸಿ ತಾಗಿದಷ್ಟೂ ಕಪ್ಪಾಗುತ್ತಾ ಹೋಗುತ್ತದೆ. ಡಬ್ಬಿ ಕಟ್ಟುವಾಗ ಒಮ್ಮೆ, ಬಿಚ್ಚುವಾಗ ಒಮ್ಮೆ ಗುಡ್ಡಪ್ಪ ಅದನ್ನು ನೋಡುತ್ತಾರೆ.

ತಂಪಿನ ಜೊತೆ ಅವರದ್ದು ಹಳೇ ನಂಟು. ಹೊಳಲ್ಕೆರೆ ಕಡೆಯ ಹುಟ್ಟು. ಹರೆಯದಲ್ಲಿ ಸೈಕಲ್ಲಿಗೆ ಪೆಟ್ಟಿಗೆ ಕಟ್ಟಿಕೊಂಡು ಹಳ್ಳಿ ಹಳ್ಳಿಗೆ ಐಸ್‌ಕ್ಯಾಂಡಿ ಮಾರಿದವರು. ಹೆಂಡತಿಯ ಊರು ಹಿರಿಯೂರಿನ ಪಕ್ಕ ಅಂತ ಇತ್ತ ಬಂದರು. ಅಂಗಡಿಗಳಿಗೆ ಫ್ರಿಜ್ ಬಂತು, ಕ್ಯಾಂಡಿ ಸೈಕಲ್ಲಿಗೆ ಗಿರಾಕಿ ಇಲ್ಲವಾಯಿತು. ಕೊರೊನಾ ಕಾಲದಲ್ಲಿ ಆಸ್ಪತ್ರೆಗೆ ಡಬ್ಬಿ ಹೊರುವವರು ಬೇಕಿತ್ತು. ಅಲ್ಲಿಂದ ಇದೇ ಕೆಲಸ, ಗುತ್ತಿಗೆ ಮೇಲೆ. ಆದರೆ ಮಕ್ಕಳಿಗೆ ಡಬ್ಬಿ ಕಂಡರೆ ಸಾಕು, ಐಸ್ ಬಂತು ಅಂತ ಮುಚ್ಚಳಕ್ಕೆ ಕೈ ಹಾಕುತ್ತವೆ. ಮುಚ್ಚಳ ತೆಗೆದಷ್ಟೂ ತಂಪು ಸೋರುತ್ತದೆ. ಅದಕ್ಕೇ ಹೋದ ವಾರ ಹಟ್ಟಿಯ ಮಕ್ಕಳನ್ನು ಗದರಿಸಿದ್ದರು: “ಮುಟ್ಬೇಡ್ರಲೇ, ಒಳಗೆ ಜೀವ ಇರೋ ವೈರಸ್ ಐತೆ!”

ಮಕ್ಕಳು ಕೈ ತೆಗೆದವು. ಜೊತೆಗೆ ತಾಯಂದಿರೂ.

“ಒಂದ್ ಕೆಲ್ಸ ಮಾಡ್ರಿ,” ಅಂತ ಫೋನಿನಲ್ಲಿ ಉಪಾಯ ಹೇಳುತ್ತಾರೆ ಅನುಸೂಯ. “ತಮಾಷೆಗೆ ಹೇಳಿದ್ದು, ಅದು ಬರೀ ಔಷಧಿ ಅನ್ರಿ. ಮುಗೀತು.”

“ಸುಳ್ಳಾಗ್ತೈತಲ್ಲ ಸಿಸ್ಟರೇ. ನಾಳೆ ಮಗೀಗೆ ಮೈ ಬಿಸಿಯಾದ್ರೆ ಯಾವ ಮುಖ ಹೊತ್ಕೊಂಡು ಹಟ್ಟಿಗೆ ಹೋಗಾಣ?”

ತಡಮಾಡುವಂತೆಯೂ ಇಲ್ಲ. ಮರುದಿನವೇ ಹಟ್ಟಿಯ ಕುರಿಮಂದೆ ಮೇವಿಗೆ ಭದ್ರಾ ನಾಲೆಯ ಗದ್ದೆಗಳ ಕಡೆ ಹೊರಡುತ್ತದೆ. ಹೋದರೆ ತಿಂಗಳುಗಟ್ಟಲೆ ತಿರುಗಾಟ. ಹತ್ತು ತಿಂಗಳ ಶಿವು ಕೂಡ ತಾಯಿ ನೇತ್ರಾವತಿಯ ಕಂಕುಳಲ್ಲಿ ಹೊರಡುವವನು. ಚಿಕ್ಕಜಾಜೂರಿನ ಆಚೆ, ದಾರಿಯಲ್ಲೇ ಅವಳ ತವರು. ಅಲ್ಲಿ ಎರಡು ಮಕ್ಕಳಿಗೆ ದಡಾರ ಎದ್ದಿದೆ.

ಇಳಿಹೊತ್ತಿಗೆ ಆ ದಿನದ ಊರುಗಳನ್ನೆಲ್ಲ ಮುಗಿಸಿ, ದಡಾರದ ಸೀಸೆಗಳೂ ಖಾಲಿಯಾದ ಮೇಲೆ, ಗುಡ್ಡಪ್ಪ ಮತ್ತು ಅನುಸೂಯ ಹಟ್ಟಿಯ ಮುಳ್ಳುಬೇಲಿ ದಾಟುತ್ತಾರೆ. ಗಂಡಸರು ಕುರಿಯ ಹಿಂದೆ, ಹೆಂಗಸರು ಈರುಳ್ಳಿ ಹೊಲದಲ್ಲಿ. ಬೇವಿನ ನೆರಳಲ್ಲಿ ಕಂಬಳಿ ಮಡಚುತ್ತಿರುವವರು ಶಿವುವಿನ ಅಜ್ಜಿ ಜುಂಜಮ್ಮ. ಪಕ್ಕದಲ್ಲಿ ಪಾತ್ರೆ ಗಂಟು ಕಟ್ಟುತ್ತಿರುವ ನೇತ್ರಾವತಿ. ಶಿವು ಕುರಿಮರಿಯ ಬಾಲ ಹಿಡಿದು ತೆವಳುತ್ತಿದ್ದಾನೆ.

“ಬರ್ರಿ, ಕುಂತ್ಕಳ್ರಿ,” ಅನ್ನುತ್ತಾರೆ ಜುಂಜಮ್ಮ. “ಏನಪ್ಪ ಗುಡ್ಡಪ್ಪ, ಇವತ್ತು ಡಬ್ಬೀಲಿ ಏನ್ ತಂದೀಯ? ಕ್ಯಾಂಡೀನೋ, ಕಾಯಿಲೇನೋ?”

“ಇವತ್ತು ಖಾಲಿ ಕಣಜ್ಜಿ.”

“ಅವತ್ತು ಹುಡುಗ್ರಿಗೆ ಹೇಳ್ದ್ಯಲ್ಲ, ನಿಜಾನಾ? ಆಟಕ್ಕೆ ಹೇಳಿದ್ದಾ?”

ಅನುಸೂಯ ಗುಡ್ಡಪ್ಪನವರ ಕಡೆ ನೋಡುತ್ತಾರೆ. ಆಟಕ್ಕೆ ಅಂದುಬಿಟ್ಟರೆ ಎಲ್ಲ ಹಗುರ.

“ನಿಜ,” ಅನ್ನುತ್ತಾರೆ ಗುಡ್ಡಪ್ಪ.

ನೇತ್ರಾವತಿ ತಟ್ಟನೆ ಮಗನನ್ನು ಎತ್ತಿಕೊಳ್ಳುತ್ತಾಳೆ. “ಕೇಳ್ದ್ಯಾ ಅತ್ತೆ? ಜೀವ ಇರೋದನ್ನ ತಂದು ನನ್ ಮಗನ ಮೈಯಾಗೆ ಬಿಡ್ತಾರಂತೆ! ನಿಮ್ ಮಕ್ಳಿಗೆ ಬಿಡ್ತೀರೇನಣ್ಣ?”

“ಬಿಟ್ಟಿದೀನಿ ಕಣವ್ವ. ಇಬ್ರಿಗೂ. ಒಬ್ಳು ಈಗ ಕಾಲೇಜಿಗೆ ಹೋಗ್ತಾಳೆ, ನಂಗೇ ಬುದ್ಧಿ ಹೇಳ್ತಾಳೆ.”

ನೇತ್ರಾವತಿಗೆ ನಗು ಬರುವುದಿಲ್ಲ. ಅನುಸೂಯ ಬಾಯಿ ತೆರೆಯುವಷ್ಟರಲ್ಲಿ ಗುಡ್ಡಪ್ಪನವರೇ ಮುಂದುವರಿಸುತ್ತಾರೆ. ಸಿಸ್ಟರ್ ಊರೂರಲ್ಲಿ ಹೇಳುವುದನ್ನು ಡಬ್ಬಿಯ ಪಕ್ಕ ಕುಳಿತು ಕೇಳಿ ಕೇಳಿ ಬಾಯಿಗೆ ಬಂದಿರುವ ಮಾತು.

“ಮೈ ಅಂದ್ರೆ ಸಣ್ ಸಣ್ ಮನೆಗಳವ್ವ, ಕಣ್ಣಿಗೆ ಕಾಣದಂಥವು. ವೈರಸ್ಸಿಗೆ ಸ್ವಂತ ಒಲೆ ಇಲ್ಲ, ತಾನೊಂದೇ ಇದ್ರೆ ಏನೂ ಮಾಡಾಕಾಗಲ್ಲ. ಬಾಗ್ಲಿಗೆ ಅಂಟ್ಕೊಂಡು ಮನೆಯೊಳಕ್ಕೆ ನುಗ್ತದೆ. ನುಗ್ಗಿ, ಮನೆಯೋರ ಒಲೇಲೇ, ಮನೆಯೋರ ಕೈಲೇ, ತನ್ನಂಥವನ್ನೇ ಮಾಡಿಸ್ಕಂತದೆ. ಮನೆ ತುಂಬಿ ಬಿದ್ದೋಯ್ತಾ, ಪಕ್ಕದ ಮನೆಗೆ.”

“ದರಿದ್ರದ್ದು,” ಅನ್ನುತ್ತಾರೆ ಜುಂಜಮ್ಮ.

“ಡಬ್ಬೀಲಿರೋದೂ ನುಗ್ತದೆ. ಆದ್ರೆ ಬಲ ಇಲ್ಲ ಅದಕ್ಕೆ. ನಾಕು ಮನೆ ಹೊಕ್ಕು ಸುಸ್ತಾಯ್ತದೆ. ಅಷ್ಟರಲ್ಲಿ ಮೈಯೊಳಗಿನ ಕಾವಲುಗಾರ್ರು ಎದ್ದು ಅದರ ಮುಖ ನೋಡ್ಕಂತಾರೆ. ಬಡಿದು ಹಾಕ್ತಾರೆ. ಕೆಲವ್ರು ಆ ಮುಖ ಮರೀದೆ ವರ್ಷಗಟ್ಲೆ ಕಾಯ್ತಾರೆ.”

ಜುಂಜಮ್ಮ ಮಡಚಿದ ಕಂಬಳಿಯ ಮೇಲೆ ಕೂರುತ್ತಾರೆ. ಬೇಲಿಯ ಬಳಿ ಮಲಗಿರುವ ನಾಯಿಯ ಕಡೆ ಅವರ ನೋಟ.

“ಹಲ್ಲು ಕಿತ್ತ ತೋಳ ಅನ್ನು. ನಾಯಿಗೆ ಒಂದ್ಸಲ ತೋಳದ ವಾಸ್ನೆ ಹತ್ತಿದ್ರೆ ಸಾಯೋಗಂಟ ಬಿಡಲ್ಲ. ಆಮ್ಯಾಕೆ ಹಲ್ಲಿರೋದು ಬಂದ್ರೂ ಗುಡ್ಡದಾಗಿರೋವಾಗ್ಲೇ ಬೊಗಳ್ತದೆ.”

“ಅದೇ ಅಜ್ಜಿ!” ಗುಡ್ಡಪ್ಪ ತೊಡೆ ತಟ್ಟಿಕೊಳ್ಳುತ್ತಾರೆ. “ನಂಗೆ ಇಷ್ಟುದ್ದ ಆಯ್ತು, ನೀನು ಒಂದೇ ಮಾತ್ಗೆ ಮುಗಿಸ್ದೆ.”

“ಹಲ್ಲಿಲ್ಲ ಅಂದ್ರೆ ಮಕ್ಳಿಗೆ ಜ್ವರ ಯಾಕೆ ಬರ್ತೈತೆ?” ನೇತ್ರಾವತಿ ಇನ್ನೂ ಮಗನನ್ನು ಇಳಿಸಿಲ್ಲ.

“ನಾಯಿ ಬೊಗಳಿದ್ರೆ ಹಟ್ಟಿಗೆ ನಿದ್ದೆ ಕೆಡಲ್ವೇನೇ?” ಉತ್ತರ ಅತ್ತೆಯದ್ದು.

ಅನುಸೂಯ ನಗುತ್ತಾ ಸೇರಿಸುತ್ತಾರೆ: ವಾರದ ಹೊತ್ತಿಗೆ ಕೆಲವು ಮಕ್ಕಳಿಗೆ ಸಣ್ಣ ಜ್ವರ, ಒಂದಿಷ್ಟು ಗುಳ್ಳೆ ಕಾಣಬಹುದು, ತಾನಾಗಿ ಹೋಗುತ್ತದೆ, ಹೆಚ್ಚಾದರೆ ಫೋನ್ ಮಾಡಬೇಕು. ಹೊಟ್ಟೆಯಲ್ಲಿದ್ದಾಗ ತಾಯಿ ಕೊಟ್ಟ ಕಾವಲು ಇಷ್ಟು ದಿನ ಶಿವುವನ್ನು ಕಾಯ್ದಿರಬಹುದು, ಈಗ ಅದೂ ಇಳಿದಿರುತ್ತದೆ. ಇನ್ನೊಂದು ಮಾತನ್ನೂ ಮುಚ್ಚಿಡುವುದಿಲ್ಲ. “ಸೂಜಿ ಹಾಕಿದ ತಕ್ಷಣ ಕಾವಲು ತಯಾರಾಗಲ್ಲ ಕಣಮ್ಮ. ಎರಡು ವಾರನಾದ್ರೂ ಬೇಕು. ಈ ಸಲ ತವರಿಗೆ ಹೋಗ್ಬೇಡ. ಬೇರೆ ದಾರಿ ಹಿಡೀರಿ.”

ನೇತ್ರಾವತಿಯ ಮುಖ ಬಾಡುತ್ತದೆ. ತಂಗಿಗೆಂದು ತೆಗೆದಿಟ್ಟ ಬಳೆ ಗಂಟಿನೊಳಗಿದೆ. ಗಂಟನ್ನು ಪಕ್ಕಕ್ಕೆ ಸರಿಸುತ್ತಾಳೆ. ಶಿವು ಅವ್ವನ ತಾಳಿ ಬಾಯಿಗಿಟ್ಟುಕೊಂಡು ಚೀಪುತ್ತಾನೆ.

“ಸುಳ್ಳು ಹೇಳ್ಬೋದಾಗಿತ್ತಲ್ಲಣ್ಣ,” ಅನ್ನುತ್ತಾಳೆ ಕೊನೆಗೆ. “ಆಟಕ್ಕೆ ಹೇಳ್ದೆ ಅಂದಿದ್ರೆ ನಾನು ನಂಬ್ತಿದ್ದೆ.”

“ನೀನು ನಂಬ್ತಿದ್ದೆ ಅಂತಾನೇ ಹೇಳ್ಲಿಲ್ಲ ಕಣವ್ವ.”

ದೂರದಲ್ಲಿ ಮಂದೆಯ ಧೂಳು ಕಾಣಿಸುತ್ತದೆ. ಹೊಲದ ಹೆಂಗಸರೂ ಬರುವ ಹೊತ್ತು. ಗುಡ್ಡಪ್ಪ ಏಳುತ್ತಾರೆ. ಖಾಲಿ ಡಬ್ಬಿಗಳನ್ನು ಆಸ್ಪತ್ರೆಗೆ ಮುಟ್ಟಿಸಿ, ಐಸ್‌ಪ್ಯಾಕುಗಳನ್ನು ಫ್ರೀಜರಿಗೆ ಹಾಕಿ ಮನೆ ಸೇರಬೇಕು. ಈ ಕೆಲಸದಲ್ಲಿ ಏನಾಸೆ ಅಂತ ಕೇಳಿದರೆ ನಾಚಿಕೊಳ್ಳುತ್ತಾರೆ. “ಆಸೆ ಏನೈತೆ? ಹೊತ್ಕೊಂಡು ಬಂದಿದ್ದು ಮಗೀಗೆ ಮುಟ್ಟಬೇಕು. ಹಂಗೇ ವಾಪಸು ಹೋದ್ರೆ ಆವತ್ತು ಡಬ್ಬಿ ಭಾರ ಜಾಸ್ತಿ.”

“ನಾಳೆ ಮಂದೆ ಎಷ್ಟೊತ್ತಿಗೆ ಹೊರಡುತ್ತೆ ಅಜ್ಜಿ?” ಅನುಸೂಯ ಕೇಳುತ್ತಾರೆ.

“ಬಿಸಿಲು ಏರಾಕ್ ಮುಂಚೆ. ನೀವು ಕೋಳಿ ಕೂಗೋ ಹೊತ್ಗೆ ಬಂದ್ಬಿಡ್ರಿ. ದಾರಿ ಬದಲ್ಸಾಕೆ ಶಿವುನಪ್ಪಂಗೆ ನಾನ್ ಹೇಳ್ತೀನಿ. ಉಳಿದ ಮಕ್ಳನ್ನೂ ಎಬ್ಬಿಸಿ ಈ ಬೇವಿನ ಬುಡಕ್ಕೆ ಕೂರಿಸ್ತೀನಿ, ಒಂದೂ ತಪ್ಪಿಸ್ಕಳಂಗಿಲ್ಲ.”

“ಮಂದೆ ಬೇಲಿ ದಾಟೋದ್ರೊಳಗೆ ಇಲ್ಲಿರ್ತೀವಿ,” ಅನ್ನುತ್ತಾರೆ ಗುಡ್ಡಪ್ಪ.

ನೇತ್ರಾವತಿ ಬೇಲಿಯವರೆಗೂ ಬರುತ್ತಾಳೆ. ಬೈಕು ಶುರುವಾದ ಮೇಲೆ, ಸದ್ದಿನ ಮೇಲೆ ಕೂಗಿ ಹೇಳುತ್ತಾಳೆ:

“ಅಣ್ಣಾ, ನಾಳೆ ಜೀವ ಇರೋದೇ ತರ್ಬೇಕು ಮತ್ತೆ! ಬಿಸಿಲಿಗೆ ಸತ್ತಿದ್ದು ತಂದ್ರೆ ನಾನ್ ಹಾಕ್ಸಲ್ಲ!”

“ಬಿಸಿಲು ಹುಟ್ಟೋದ್ರೊಳಗೇ ತರ್ತೀನಿ ಕಣವ್ವ. ಐದೂವರೆಗೆ!”