ಸಿಂಬೆಯಾದ ಉಣ್ಣೆ ಪ್ಯಾಡು

ಮಧ್ಯಾಹ್ನ ನನ್ನ ಹೆಂಡತಿ ಸವಿತಾ ಹುರುಳಿಕಾಳಿನ ಸಾರನ್ನು ಒಲೆಯಿಂದಿಳಿಸಿ, ಪಾತ್ರೆ ಅಲುಗದಿರಲೆಂದು ಒಂದು ಉಣ್ಣೆಯ ಚಕ್ರದ ಮೇಲೆ ಕೂರಿಸಿದಳು. ನೋಡಿದವರು ಅದನ್ನು ಸಿಂಬೆ ಎಂದುಕೊಳ್ಳುತ್ತಾರೆ. ನಿಜಕ್ಕೂ ಅದು ಕಾರಿಗೆ ಪಾಲಿಶ್ ಹೊಡೆಯುವ ಪ್ಯಾಡು. ಬಿಸಿಗೆ ಉಣ್ಣೆಯಿಂದ ಸಣ್ಣಗೆ ಕಮಟು ವಾಸನೆ ಎದ್ದಿತು. ಅದೇ ಹೊತ್ತಿಗೆ ನಮ್ಮ ಭಾವನ ಫೋನು. ಅವರ ಮಗನಿಗೆ ಹೆಣ್ಣು ನೋಡಲು ಹೊರಟಿದ್ದಾರಂತೆ.

"ಲೇ, ಆ ಪಾಲಿಶ್ ಪ್ಯಾಡು ಇನ್ನೂ ಮಡಗಿದ್ದೀಯೇನ್ಲಾ?"

ಸ್ವಾಮಿ, ಕೆಲವರಿಗೆ ಬುದ್ಧಿ ಬರುವುದೇ ಇಲ್ಲ. ಬಂದರೂ ಬಾಗಿಲಲ್ಲಿ ನಿಂತು ವಾಪಸ್ಸು ಹೋಗುತ್ತದೆ. ಭಾವ ಲೈನಿನಲ್ಲಿ ಕಾಯುತ್ತಿರಲಿ, ಅಷ್ಟರಲ್ಲಿ ನಿಮಗೆ ವಿಷಯ ಹೇಳಿಬಿಡುತ್ತೇನೆ.

ಭಾವ ಎಂದರೆ ನಮ್ಮಕ್ಕನ ಗಂಡ, ಕೈಲಾಂಚದವರು. ಹಿಪ್ಪುನೇರಳೆ ತೋಟವಿದೆ, ಹಸುಗಳಿವೆ, ಎಲ್ಲಕ್ಕಿಂತ ಹೆಚ್ಚಾಗಿ ಅಭಿಪ್ರಾಯಗಳಿವೆ. ಮದುವೆಗೆ ಮುಂಚೆ ಚನ್ನಪಟ್ಟಣದಲ್ಲಿ ಗೊಂಬೆ ಮಾಡುವ ಕಡೆ ಸ್ವಲ್ಪ ಕಾಲ ಮರ ತಿರುಗಿಸುವ ಲೇತಿನ ಮುಂದೆ ಕೂತಿದ್ದರು. ಅಂದಿನಿಂದ ಲೋಕದಲ್ಲಿ ಹೊಳೆಯುವ ಯಾವುದರ ಬಗ್ಗೆಯೂ ಅವರನ್ನು ಕೇಳದೆ ಯಾರೂ ಮಾತಾಡುವಂತಿಲ್ಲ. ನಾನು ಮರಳವಾಡಿಗೆ ಹೆಣ್ಣು ನೋಡಲು ಹೊರಟಾಗ ಕಾರಿನ ಜವಾಬ್ದಾರಿ ಅವರೇ ಹೊತ್ತರು. ಅಷ್ಟರಲ್ಲಾಗಲೇ ನಾಲ್ಕಾರು ಮನೆಯವರು ನನಗೆ ಕಾಫಿ ಕೊಟ್ಟು ಸಾಗಹಾಕಿದ್ದರು. ಈ ಸಲವೂ ಆಗದಿದ್ದರೆ ಮದುವೆಯ ಮಾತೇ ಬೇಡ ಎಂದು ಅಮ್ಮನಿಗೆ ಹೇಳಿಬಿಟ್ಟಿದ್ದೆ. ಕಾರೋ, ಹಲವರ ಕೈ ದಾಟಿ ಬಂದ ಕಪ್ಪು ಮುದುಕಿ.

"ಹೆಣ್ಣಿನ್ ಕಡೆಯೋರು ಮೊದ್ಲು ನೋಡೋದು ಗಾಡಿಯ. ಆಮ್ಯಾಕೆ ಟೈಮಿದ್ರೆ ಗಂಡ" ಎಂದರು ಭಾವ. ನನ್ನ ಮುಖ ನೋಡಿಕೊಂಡೇ ಹೇಳಿದ್ದರಿಂದ ನಾನು ವಾದಿಸಲಿಲ್ಲ.

ಪಾಲಿಶ್ ಸಾಮಾನಿಗೆಂದು ಹೋದಾಗ ರಾಮನಗರದ ಅಂಗಡಿಯಾತ ಪ್ಯಾಡುಗಳನ್ನು ಹರಡಿ ತಿಳಿಸಿ ಹೇಳಿದ. ಕಪ್ಪು ಸ್ಪಂಜು ಮೆತ್ತಗೆ, ಕೊನೆಯ ಹೊಳಪಿಗೆ. ಹಳದಿಯದು ಸ್ವಲ್ಪ ಗಟ್ಟಿ, ಸಣ್ಣ ಗೀರುಗಳಿಗೆ. ಉಣ್ಣೆಯದು ಬಣ್ಣವನ್ನೇ ಕೆರೆಯುವಂಥದು, ಆಳದ ಗೀರಿಗೆ ಮಾತ್ರ. "ಮೆತ್ತಂದ್ರಲ್ಲೇ ಶುರು ಮಾಡಿ ಅಣ್ಣ. ಒಂದೇ ಕಡೆ ಒತ್ಬೇಡಿ, ಆಡಿಸ್ತಾ ಇರಿ."

ಭಾವ ಕಪ್ಪು ಸ್ಪಂಜನ್ನು ಹಿಸುಕಿ ನೋಡಿ ನಕ್ಕರು. "ಇದ್ಯಾಕಪ್ಪ, ಕಾರಿಗೆ ದಿಂಬು ಕೊಟ್ಟು ಮಲಗ್ಸಕ್ಕಾ?" ಉಣ್ಣೆಯದನ್ನೇ ಕಟ್ಟಿಸಿಕೊಂಡರು.

ಗೊಂಬೆ ಕೆಲಸ ನೋಡಿದವರಿಗೆ ಗೊತ್ತು. ಗರಗರ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಅರಗು ಬಿಸಿಗೆ ಕರಗಿ ಹಿಡಿಯುತ್ತದೆ; ಅದರ ಮೇಲೆ ಒಣಗಿದ ತಾಳೆಗರಿ ಒತ್ತಿದರೆ ಫಳಫಳ. ಭಾವ ಆ ವಿದ್ಯೆಯನ್ನು ಹಾಗೇ ತಂದು ನಮ್ಮ ಬಾನೆಟ್ಟಿನ ಮೇಲೆ ಇಳಿಸಿದರು. ಗೊಂಬೆ ತಿರುಗುತ್ತದೆ, ಕಾರು ತಿರುಗುವುದಿಲ್ಲ ಎಂಬ ಸಣ್ಣ ವ್ಯತ್ಯಾಸ ಅವರಿಗೆ ಲೆಕ್ಕಕ್ಕೆ ಬರಲಿಲ್ಲ. ಪ್ಯಾಡು ತಿರುಗಿಸುವ ಮಿಷಿನ್ನನ್ನು ಒಂದೇ ಕಡೆ ಎದೆ ಕೊಟ್ಟು ಒತ್ತಿ ಹಿಡಿದರು.

"ಭಾವ, ಸುಟ್ ವಾಸ್ನೆ ಬತ್ತಾ ಐತೆ."

"ಬರ್ಬೇಕು ಕಣ್ಲಾ! ಬಿಸಿ ಆಗ್ದೆ ಹೊಳಪು ಎಲ್ಲಿಂದ ಬಂದದು?"

ಮಿಷಿನ್ ಎತ್ತಿದಾಗ ಬಾನೆಟ್ಟಿನ ನಡುವೆ ಮುದ್ದೆಯ ಗಾತ್ರದ ಬೂದು ಮಚ್ಚೆ. ಕಪ್ಪು ಬಣ್ಣ ಸುಟ್ಟು ಅಡಿಯ ಪ್ರೈಮರು ಹಲ್ಲು ಕಿರಿಯುತ್ತಿತ್ತು. ಭಾವ ಮಚ್ಚೆಯನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿ, "ಗಾಡೀದೇ ಬಣ್ಣ ಸರಿಗಿಲ್ಲ" ಎಂದು ತೀರ್ಪು ಕೊಟ್ಟರು. ಮಚ್ಚೆಯ ಮೇಲೆ ದಪ್ಪ ಚೆಂಡುಹೂವಿನ ಹಾರ ಹೊದಿಸಿ, ಈಗಷ್ಟೇ ಪೂಜೆ ಮಾಡಿಸಿಕೊಂಡು ಬಂದವರ ಹಾಗೆ ಮರಳವಾಡಿಗೆ ಹೋದೆವು.

ಹೆಣ್ಣಿನ ಮನೆಯ ಅಂಗಳದ ತುಂಬ ಹಸುಗಳು. ಭಾವ ನನ್ನ ಪಕ್ಕೆ ತಿವಿದು, "ಒಳ್ಳೆ ಕುಳ ಕಣ್ಲಾ" ಎಂದು ಪಿಸುಗುಟ್ಟಿದರು. ಜಗುಲಿಯಲ್ಲಿ ಕೂತು ಅವರು ಕಾರಿನ ಗುಣಗಾನ ಮಾಡುತ್ತಿರುವಾಗ ಒಂದು ಹಸು ಹಗ್ಗ ಬಿಡಿಸಿಕೊಂಡು ಹೋಗಿ ಹಾರಕ್ಕೆ ಬಾಯಿ ಹಾಕಿತು. ಹುಡುಗಿ, ಅಂದರೆ ಸವಿತಾ, "ಗೌರಿ! ಏ ಗೌರಿ!" ಎಂದು ಕೂಗುತ್ತಾ ಓಡಿಬಂದಳು. ಹಸು ಕಿವಿಯನ್ನೂ ಆಡಿಸಲಿಲ್ಲ. ಹೂವೆಲ್ಲ ಅದರ ಹೊಟ್ಟೆ ಸೇರಿತು; ಮಚ್ಚೆ ಊರಿಗೇ ಕಂಡಿತು.

"ಬಿಸ್ಲಿಗೆ ಹಂಗಾಯ್ತದೆ" ಎಂದರು ಭಾವ.

ಸವಿತಾ ನನ್ನ ಕಡೆ ತಿರುಗಿದಳು. "ಹೌದಾ?"

ನಾಚಿಕೆಗೆ ನನಗೆ ಬೆವರು ಕಿತ್ತುಕೊಂಡಿತು. ಇದೂ ಹೋಯಿತು ಎಂದುಕೊಂಡೆ. "ಇಲ್ಲ, ಉಜ್ಜಿ ಸುಟ್ಟಿದ್ದು. ಗಾಡೀನೂ ಹಳೇದು" ಎಂದುಬಿಟ್ಟೆ. ಅವಳು ಸೆರಗು ಬಾಯಿಗಿಟ್ಟು ನಕ್ಕಳು. ಆಮೇಲೆ, ಯಾವ ದೇವರ ದಯೆಯೋ, ಒಪ್ಪಿಕೊಂಡಳು.

ಅಂದಿನಿಂದ ಮನೆಯಲ್ಲಿ ಯಾವ ಜಗಳವಾದರೂ ಅವಳ ಕೊನೆಯ ಮಾತು ಒಂದೇ: "ಮಚ್ಚೆ ಮುಚ್ಕಂಡು ಬಂದೋರಲ್ವಾ ನೀವು?" ಅಲ್ಲಿಗೆ ನನ್ನ ಬಾಯಿ ಬಂದ್. ಇವತ್ತು ಭಾವನ ಫೋನು ಕೇಳಿಸಿಕೊಂಡು ಮತ್ತೆ ಅದನ್ನೇ ಎತ್ತಿದಳು. ನನಗೆ ರೇಗಿಹೋಯಿತು.

"ನಿಮ್ ಗೌರಿ ಕೂಗಿದ್ ತಕ್ಷಣ ತಿರುಗಿದ್ರೆ ಇದೆಲ್ಲ ಆಯ್ತಿತ್ತಾ?"

ಸವಿತಾ ಸೌಟು ಹಿಡಿದೇ ನಗತೊಡಗಿದಳು. "ಅದ್ರ ಹೆಸ್ರು ಯಾರಿಗ್ ಗೊತ್ತಿತ್ತು? ಬಾಯಿಗ್ ಬಂದಿದ್ ಕೂಗ್ದೆ. ನಮ್ಮನೇದು ಒಂದೇ ಹಸ. ನೀವ್ ಬತ್ತೀರ ಅಂತ ಅಪ್ಪ ಅಕ್ಕಪಕ್ಕದ್ ಮನೇವ್ನೆಲ್ಲ ಹಿಡ್ಕಂಬಂದು ಕಟ್ಟಿದ್ರು."

ಇಷ್ಟು ವರ್ಷ ನಾನೊಬ್ಬನೇ ತಲೆ ತಗ್ಗಿಸಿದ್ದೆನಲ್ಲ ಎಂದು ಹೊಟ್ಟೆ ಉರಿಯಿತು. ನಗು ಮಾತ್ರ ತಡೆಯಲಾಗಲಿಲ್ಲ. ಲೈನಿನಲ್ಲಿ ಭಾವ ಕೂಗುತ್ತಿದ್ದರು: "ಏನ್ಲಾ, ಪ್ಯಾಡು ಕೊಟ್ಟೀಯೋ ಇಲ್ವೋ?"

"ಅದ್ರ ಮೇಲೆ ಸಾರೈತೆ ಭಾವ. ಗಾಡಿಯ ಹಂಗೇ ತಕ್ಕಂಡೋಗಿ."

"ಹಂಗೇನಾ? ಹೆಣ್ಣಿನ್ ಕಡೆಯೋರು ಏನಂದ್ಕಂತಾರ್ಲಾ?"

ಸವಿತಾ ನನ್ನ ಕೈಯಿಂದ ಫೋನು ಕಿತ್ತುಕೊಂಡಳು. "ಅಣ್ಣ, ಅವ್ರೂ ಈಗ ಯಾರ್ ಮನೆ ಹಸ ಕೇಳಕ್ಕೆ ಹೋಗವ್ರೋ, ಪಾಪ. ನೀವು ಹೋಗಿ. ಹೂವ ಒಂದು ಹಾಕ್ಬೇಡಿ."